ನಾಲ್ಕು ಊರಿನ ಕಾರು, ಭಾಗ 6: ಪ್ಯಾಡ್ ಹೊಸದು, ಬ್ರೇಕ್ ಮಾತ್ರ ಇಲ್ಲ

ಮೊದಲನೇ ಫೋಟೊ ಜಗಳೂರು ರಸ್ತೆದು. ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದಾರೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದಾರೆ. ಉಳಿದ ಅರ್ಧದಲ್ಲೇ ಬಸ್ಸು, ಬೈಕು, ಕುರಿ, ನಾವು ಎಲ್ಲರೂ ಹೋಗ್ಬೇಕು. ಚೆನ್ನಾಗಿ ಕಾಣ್ತಿದೆ ಅಂತ ತೆಗೆದ ಫೋಟೊ ಅಲ್ಲ ಇದು. ಕೈ ನಡುಗ್ತಿತ್ತು, ಕಾರಿಂದ ಇಳಿದು ಸ್ವಲ್ಪ ಹೊತ್ತು ನಿಲ್ಲೋಕೆ ಒಂದು ನೆಪ ಬೇಕಿತ್ತು.

ಈ ಸರಣಿ ಓದ್ತಾ ಬಂದಿರೋರಿಗೆ ನಮ್ಮ ಸುತ್ತಾಟ ಗೊತ್ತು. ಮನೆ ನ್ಯಾಮತಿ, ಕೆಲಸ ಹೊನ್ನಾಳಿ, ಅಮ್ಮನ ತವರು ಚನ್ನಗಿರಿ, ಅಕ್ಕನ್ನ ಕೊಟ್ಟಿರೋದು ಜಗಳೂರಿಗೆ. ನಾಲ್ಕೂ ಊರಿಗೆ ನಮ್ಮ ಹದಿನಾಲ್ಕು ವರ್ಷದ ಸಣ್ಣ ಕಾರೇ ಗತಿ.

ಮುಂದಿನ ಚಕ್ರದ ಪ್ಯಾಡ್ ಸವೆದು ಕೀರ್ ಅನ್ನೋಕೆ ಶುರುವಾಗಿತ್ತು. ಇಷ್ಟಕ್ಕೆ ಗ್ಯಾರೇಜ್ ಯಾಕೆ, ನಾನೇ ಹಾಕ್ತೀನಿ ಅಂದೆ. ಒಂದು ಭಾನುವಾರ ನ್ಯಾಮತಿ ಮನೆ ಮುಂದೆ ಹೊಸ ಪ್ಯಾಡ್ ಹಾಕಿದೆ. ಬ್ರೇಕ್ ಆಯಿಲ್ ಕಪ್ಪಗಾಗಿತ್ತು, ಅದನ್ನೂ ಬದಲಾಯಿಸಿ ಏರ್ ತೆಗೆಯೋಣ ಅಂತ ಕೂತೆ. ಎಂಟನೇ ಕ್ಲಾಸಿನ ಅಕ್ಕನ ಮಗ ರಜೆಗೆ ಬಂದಿದ್ದ, ಪೆಡಲ್ ಒತ್ತೋ ಕೆಲಸ ಅವನದು. "ಪೂರ್ತಿ ಒತ್ತು, ತಳ ಮುಟ್ಬೇಕು" ಅಂತ ನಾನು ಕೆಳಗಿಂದ ಕೂಗೋದು, ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಒತ್ತೋದು. ನಾಲ್ಕೂ ಚಕ್ರ ಮುಗಿಯೋ ಹೊತ್ತಿಗೆ ಇಬ್ಬರಿಗೂ ಹೆಮ್ಮೆ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ.

ಆಮೇಲೆ ಕಾರು ನನಗೆ ಮೂರು ಸಲ ಹೇಳ್ತು. ನಾನು ಕೇಳಿಸ್ಕೊಳ್ಳಲಿಲ್ಲ.

ಮೊದಲ ಸಲ ಚನ್ನಗಿರಿಯಲ್ಲಿ. ಅಡಿಕೆ ತೋಟದ ನಡುವಿನ ದಾರಿ, ತಿರುವಲ್ಲಿ ಬ್ರೇಕ್ ಒತ್ತಿದ್ರೆ ಪೆಡಲ್ ಕೆಳಗೆ ಹೋಗಿ ಆಮೇಲೆ ಹಿಡೀತು. ಎರಡನೇ ಸಲ ಒತ್ತಿದಾಗ ಮೇಲೇ ಹಿಡೀತು. ಹೊಸ ಪ್ಯಾಡ್ ಅಲ್ವಾ, ಕೂರೋಕೆ ಸ್ವಲ್ಪ ದಿನ ಬೇಕು ಅಂದ್ಕೊಂಡೆ. ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದ್ಕೊಳ್ಳೋಕೆ ಕೆಲವು ನೂರು ಕಿಲೋಮೀಟರ್ ಬೇಕು ಅನ್ನೋದು ನಿಜವೇ. ಆದರೆ ಅದರಿಂದ ಹಿಡಿತ ಸ್ವಲ್ಪ ಕಡಿಮೆ ಇರುತ್ತೆ ಅಷ್ಟೇ, ಪೆಡಲ್ ಕೆಳಗೆ ಹೋಗಲ್ಲ.

ಎರಡನೇ ಸಲ ಹೊನ್ನಾಳಿಯಲ್ಲಿ, ತುಂಗಭದ್ರಾ ಸೇತುವೆ ಹತ್ತಿರ. ಗಾಡಿಗಳು ನಿಂತಿದ್ವು, ನಾನೂ ಬ್ರೇಕ್ ಮೇಲೆ ಕಾಲಿಟ್ಟು ನಿಂತಿದ್ದೆ. ಕೆಸರಲ್ಲಿ ಕಾಲು ಹೂತ ಹಾಗೆ ಪೆಡಲ್ ನಿಧಾನಕ್ಕೆ ಇಳೀತಾ ಹೋಯ್ತು. ಮನೆಗೆ ಬಂದು ಕಾರಿನ ಕೆಳಗೆ ಬಗ್ಗಿ ನೋಡಿದೆ, ಎಲ್ಲೂ ಲೀಕ್ ಇಲ್ಲ. ಡಬ್ಬಿಯಲ್ಲಿ ಆಯಿಲ್ ಕಡಿಮೆ ಆಗಿಲ್ಲ. ಏರ್ ಉಳಿದಿರ್ಬೇಕು ಅಂತ ಹುಡುಗನ್ನ ಕೂರಿಸಿ ಮತ್ತೆ ಅದೇ ಕೆಲಸ ಮಾಡಿಸಿದೆ. ಮತ್ತೆ ತಳ ಮುಟ್ಟೋವರೆಗೆ.

ಮೂರನೇ ಸಲ ಈ ಫೋಟೊದ ಜಾಗದಲ್ಲಿ. ಹುಡುಗನ್ನ ಅವನೂರಿಗೆ ಬಿಡೋಕೆ ಹೊರಟಿದ್ವಿ, ಪಕ್ಕದಲ್ಲಿ ಅಮ್ಮ. ಮೆಕ್ಕೆಜೋಳದ ರಾಶಿ ಆಚೆಯಿಂದ ಕುರಿ ಹಿಂಡು ಬಂತು. ಒತ್ತಿದೆ, ಪೆಡಲ್ ತಳಕ್ಕೆ ಹೋಯ್ತು. ಇನ್ನೊಂದ್ಸಲ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದೆ. ಕೊನೇ ಕುರಿಗೂ ಬಂಪರ್‌ಗೂ ಒಂದು ಮೊಳ ಉಳಿದಿತ್ತು. ಕುರಿ ಕಾಯೋ ಅಜ್ಜ ಏನೂ ಬೈಲಿಲ್ಲ, ಬಾನೆಟ್ ಮೇಲೆ ಕೋಲಿಂದ ಒಮ್ಮೆ ತಟ್ಟಿ ಹೋದ. ಅಮ್ಮ ಮಾತ್ರ "ಮೊನ್ನೆ ತಾನೆ ಸರಿ ಮಾಡ್ದೆ ಅಂದ್ಯಲ್ಲೋ" ಅಂದ್ರು. ಬೈದಿದ್ರೂ ಅಷ್ಟು ನೋವಾಗ್ತಿರಲಿಲ್ಲ.

ಅಲ್ಲಿಂದ ಅಕ್ಕನ ಮನೆ ಹತ್ತಿರವೇ ಇತ್ತು. ಮೊದಲನೇ ಗೇರಲ್ಲಿ ತೆವಳಿಕೊಂಡು ಹೋಗಿ ನಿಲ್ಲಿಸಿದೆ. ಮರುದಿನ ಭಾವ ಒಬ್ಬ ಮೆಕ್ಯಾನಿಕ್‌ನ ಮನೆಗೇ ಕರ್ಕೊಂಡು ಬಂದ್ರು. ಅವರು ಚಕ್ರ ಬಿಚ್ಚಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ, ಸೀಟಲ್ಲಿ ಕೂತು ಕಾಲಲ್ಲೇ ನೋಡಿದ್ರು. ನೀವೂ ಮಾಡಬಹುದು, ಸೇವ್ ಮಾಡಿಟ್ಕೊಳ್ಳಿ.

ಒಂದು. ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿ ಆಗೋವರೆಗೆ ನಾಲ್ಕೈದು ಸಲ ಒತ್ತಿ, ಹಾಗೇ ಹಿಡ್ಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಜಾರಿದ್ರೆ ಬೂಸ್ಟರ್ ಸರಿ ಇದೆ. ಅಲ್ಲಾಡದೆ ಕಲ್ಲಿನ ಹಾಗಿದ್ರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ನೋಡಿಸಿ.

ಎರಡು. ಒತ್ತಿದಾಗ ಸ್ಪಂಜಿನ ಹಾಗೆ ಮೆತ್ತಗಿದ್ದು, ಪಂಪ್ ಮಾಡಿದಂಗೆ ಗಟ್ಟಿ ಆಗ್ತಿದ್ರೆ ಪೈಪಲ್ಲಿ ಇನ್ನೂ ಏರ್ ಇರಬಹುದು.

ಮೂರು. ಹ್ಯಾಂಡ್ ಬ್ರೇಕ್ ಎರಡು ಮೂರು ಹಲ್ಲು ಎಳೆದು ಪೆಡಲ್ ಒತ್ತಿ. ಆಗ ಪೆಡಲ್ ಮೇಲೇ ಹಿಡಿದ್ರೆ ಹಿಂದಿನ ಡ್ರಮ್‌ಗೂ ಲೈನರ್‌ಗೂ ಸಂದು ಜಾಸ್ತಿ ಆಗಿದೆ. ನಮ್ಮ ಕಾರಲ್ಲಿ ಇದೂ ಸ್ವಲ್ಪ ಇತ್ತು. ಮುಂದಿನ ಪ್ಯಾಡ್ ಬದಲಾಯಿಸಿದ ನಾನು ಹಿಂದಿನ ಡ್ರಮ್ ಕಡೆ ತಿರುಗೇ ನೋಡಿರಲಿಲ್ಲ.

ನಾಲ್ಕು. ಎಂಜಿನ್ ಆನ್ ಇಟ್ಟು, ಹಗುರವಾಗಿ ಒತ್ತಿ, ಅರ್ಧ ನಿಮಿಷ ಹಾಗೇ ಹಿಡ್ಕೊಳ್ಳಿ. ಪೆಡಲ್ ನಿಧಾನಕ್ಕೆ ಇಳೀತಾ ಹೋದ್ರೆ ಆಯಿಲ್ ಎಲ್ಲೋ ತಪ್ಪಿಸ್ಕೊಳ್ತಿದೆ. ಹೊರಗೆ ಲೀಕ್ ಇಲ್ಲ, ಡಬ್ಬಿಯಲ್ಲೂ ಕಡಿಮೆ ಆಗಿಲ್ಲ ಅಂದ್ರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಮೇಲೆ ಅನುಮಾನ.

ನಾಲ್ಕನೇದಕ್ಕೆ ನಮ್ಮ ಪೆಡಲ್ ಇಳೀತು. ಅವರು ನನ್ನ ಮುಖ ನೋಡಿ "ಏರ್ ತೆಗೆಯುವಾಗ ತಳದವರೆಗೂ ಒತ್ತಿಸಿದ್ರಾ?" ಅಂದ್ರು.

ವಿಷಯ ಇಷ್ಟೇ. ದಿನಾ ಓಡಿಸುವಾಗ ಪೆಡಲ್ ಅರ್ಧ ದಾರಿನೂ ಹೋಗಲ್ಲ. ಸಿಲಿಂಡರಿನಲ್ಲಿ ಸೀಲ್ ಓಡಾಡೋ ಜಾಗ ನುಣ್ಣಗಿರುತ್ತೆ, ಅದು ಮುಟ್ಟದ ಜಾಗದಲ್ಲಿ ವರ್ಷಗಳ ಕೊಳೆ, ತುಕ್ಕು ಕೂತಿರುತ್ತೆ. ಬ್ರೇಕ್ ಆಯಿಲ್ ಗಾಳಿಯಿಂದ ನೀರಿನಂಶ ಹೀರ್ಕೊಳ್ಳುತ್ತೆ, ತುಕ್ಕಿಗೆ ಅದೇ ಕಾರಣ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು, ನೀರು ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತೆ. ನಾವು ಕಾಲಕಾಲಕ್ಕೆ ಆಯಿಲ್ ಬದಲಾಯಿಸಿರಲಿಲ್ಲ. ಹಳೇ ಸೀಲನ್ನ ಒಮ್ಮೆಲೇ ಆ ಒರಟು ಜಾಗಕ್ಕೆ ಹತ್ತಾರು ಸಲ ತಳ್ಳಿದ್ವಿ. ಕೊನೇ ಫೋಟೊ ನೋಡಿ, ರಬ್ಬರಿನ ಅಂಚು ಹರಿದಿದೆ. ಪ್ಯಾಡ್ ಬದಲಾಯಿಸೋ ಮುಂಚೆ ಇಲ್ಲದ ರೋಗ ಅದು, ನಾನೇ ತಂದಿದ್ದು.

ಇದನ್ನೆಲ್ಲ ಹುಡುಗ ಅಲ್ಲೇ ನಿಂತು ಕೇಳ್ತಿದ್ದ. ಮುಖ ಸಣ್ಣದಾಯ್ತು. "ಮಾಮಾ, ನಾನು ಒತ್ತಿದ್ದಕ್ಕಾ?" ಅಂದ. "ಅಲ್ಲ ಕಣೋ, ಒತ್ತು ಅಂದೋನು ನಾನು" ಅಂದೆ. ಸುಮ್ನಾದ, ಆದ್ರೆ ಊಟಕ್ಕೆ ಕರೆದ್ರೆ ಬರಲಿಲ್ಲ. ಹೊಸ ಮಾಸ್ಟರ್ ಸಿಲಿಂಡರ್ ಹಾಕಿ, ಹಿಂದಿನ ಲೈನರ್ ಅಡ್ಜಸ್ಟ್ ಮಾಡಿ, ಮತ್ತೆ ಏರ್ ತೆಗೆಯೋ ಹೊತ್ತಿಗೆ ಮೆಕ್ಯಾನಿಕ್ ಅವನನ್ನೇ ಕರೆದ್ರು. ಪೆಡಲ್ ತಳ ಮುಟ್ಟದ ಹಾಗೆ ಅಡಿಗೆ ಒಂದು ಮರದ ತುಂಡು ಇಟ್ಟು, "ಈಗ ಒತ್ತಪ್ಪಾ" ಅಂದ್ರು. ಒತ್ತಿದ. ಆಮೇಲೆ ಊಟ ಮಾಡಿದ.

ಆ ಮರದ ತುಂಡು ಈಗ ನಮ್ಮ ಡಿಕ್ಕಿಯಲ್ಲಿದೆ. ಎಲ್ಲಿಗೆ ಹೊರಟ್ರೂ ಅಮ್ಮ ಸೀಟಲ್ಲಿ ಕೂತು "ನೋಡ್ದ್ಯಾ?" ಅಂತಾರೆ. ನಾನು ಬ್ರೇಕ್ ಮೇಲೆ ಕಾಲಿಟ್ಟು ಅರ್ಧ ನಿಮಿಷ ಕಾಯ್ತೀನಿ. ಪೆಡಲ್ ಅಲ್ಲೇ ನಿಂತ್ರೆ ಮಾತ್ರ ಗೇರ್ ಹಾಕೋದು. ಇವತ್ತು ನಿಮ್ಮ ಗಾಡಿಯಲ್ಲೂ ಒಂದ್ಸಲ ಕಾಯ್ದು ನೋಡಿ.

#ನಾಲ್ಕೂರಿನಕಾರು #ನ್ಯಾಮತಿ #ಹೊನ್ನಾಳಿ #ಚನ್ನಗಿರಿ #ಜಗಳೂರು