ನನ್ನ ಅಳತಿ ಬಂದೂಕು, ಅಡಗಿಮನಿ ಪೈಪು

ಹೋದ ವಾರ ನಮ್ಮ ಮನಿಮಂದಿ ವಾಟ್ಸಾಪ್ ಗುಂಪಿನ್ಯಾಗ ನಮ್ಮನಿಯವರು ಒಂದು ಫೋಟೋ ಹಾಕಿಬಿಟ್ರು. ಉದ್ದನ್ನ ಲಂಗ, ಮ್ಯಾಲೆ ಗುಳೇದಗುಡ್ಡದ ಖಣದ ಜಂಪರ್, ತಲಿಮ್ಯಾಲೆ ಹುಲ್ಲಿನ ಟೊಪಿಗಿ, ಸೊಂಟಕ್ಕ ತೋಟಾ ಸಿಗಿಸಿದ ಪಟ್ಟಾ, ಕೈಯಾಗ ಜೋಡನಳಿಗಿ ಬಂದೂಕು. ಯಾರಂತೀರಿ? ನಾನ!

ಹತ್ತು ನಿಮಿಷದಾಗ ಧಾರವಾಡದಿಂದ ವೈನಿ ಫೋನು. "ಅಲ್ಲವಾ, ಕುಕ್ಕರ್ ಸೀಟಿ ಹೊಡದ್ರ ಬೆಚ್ಚಿ ಬೀಳಾಕಿ ನೀನು. ಬಂದೂಕು ಹಿಡದೀಯೇನ? ಯಾರ ಮ್ಯಾಲೆ ಇಷ್ಟು ಸಿಟ್ಟು?" ಅಂದ್ರು. ಆಮ್ಯಾಲೆ ಸಣ್ಣ ಕಾಕು, ಆಮ್ಯಾಲೆ ಹುಬ್ಬಳ್ಳಿ ತಂಗಿ. ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ನೋಯ್ತು. ಅದಕ್ಕ ಎಲ್ಲಾರಿಗೂ ಕೂಡಿಸಿ ಇಲ್ಲೇ ಬರದುಬಿಡ್ತೀನಿ.

ಯಾರ ಮ್ಯಾಲೂ ಸಿಟ್ಟಿಲ್ಲ ವೈನಿ. ಇದೊಂದು ಆಟ. ಕೌಬಾಯ್ ಶೂಟಿಂಗ್ ಅಂತಾರ. ನಾವಿರೋದು ಅರಿಝೋನಾದಾಗ, ಫೀನಿಕ್ಸ್ ಊರಿನ ಉತ್ತರ ದಿಕ್ಕಿಗೆ. ಊರ ಹೊರಗ ಬೆನ್ ಏವರಿ ಅಂತ ದೊಡ್ಡ ಶೂಟಿಂಗ್ ಮೈದಾನ ಅದ. ಅಲ್ಲಿ ವಿಂಟರ್ ರೇಂಜ್ ಅನ್ನೋ ಕೌಬಾಯ್ ಸ್ಪರ್ಧಾಕ್ಕ ಎಲ್ಲೆಲ್ಲಿಂದಲೋ ಮಂದಿ ಬರ್ತಾರ. 1987ರಾಗ ಹುಟ್ಟಿದ ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ ಅಂತ ಒಂದು ಸಂಸ್ಥಾ ಅದ. ಆಟದ ಕಾಯ್ದೆಯೆಲ್ಲಾ ಅವರದ. ನೂರಾ ಮೂವತ್ತು, ನೂರಾ ನಲವತ್ತು ವರ್ಷದ ಹಿಂದಿನ ಕಾಲದ ಹಂಗ ಅರಬಿ ಹಾಕೋಬೇಕು, ಆ ಕಾಲದ ನಮೂನಿ ಬಂದೂಕನ್ನ ಹಿಡೀಬೇಕು. ಎರಡು ರಿವಾಲ್ವರ್, ಒಂದು ರೈಫಲ್, ಒಂದು ಶಾಟ್‌ಗನ್ನು. ಹೊಡಿಯೋದು ಕಬ್ಬಿಣದ ತಗಡಿಗೆ. ಹಕ್ಕಿಪಕ್ಕಿ, ಪ್ರಾಣಿ ಏನೂ ಇಲ್ಲ. ಟೈಮರ್ ಪೀ ಅಂದಕೂಡಲೇ ಶುರು. ಯಾರ ವ್ಯಾಳ್ಯಾ ಕಡಿಮಿ ಅವರು ಗೆದ್ದಂಗ. ಒಂದು ಗುರಿ ತಪ್ಪಿದ್ರ ಐದು ಸೆಕೆಂಡ್ ದಂಡ.

ಇನ್ನೊಂದು ಮಜಾ ಅಂದ್ರ ಎಲ್ಲಾರೂ ಒಂದು ಆಟದ ಹೆಸರು ಇಟ್ಕೋಬೇಕು, ಒಬ್ಬರ ಹೆಸರು ಇನ್ನೊಬ್ಬರಿಗೆ ಇರಬಾರದು. ನಾನು "ಬ್ಯಾಡಗಿ" ಅಂತ ಇಟ್ಕೊಂಡೆ. ಬಣ್ಣ ಭಾಳ, ಖಾರ ಕಮ್ಮಿ, ನನ್ನ ಗುರಿಗೆ ಸರಿಹೋಗ್ತದ ಅಂತ. ಇಲ್ಲಿನವ್ರ ಬಾಯಾಗ ಅದು "ಬ್ಯಾಡ್ ಗಯ್" ಆಗ್ಯದ. ಐದು ಫೂಟಿನ ಮುದುಕಿ ಎದ್ದು ನಿಂತ್ಲಂದ್ರ ಎಲ್ಲಾರೂ ನಗ್ತಾರ.

ನಂಗ ಇದರ ರುಚಿ ಹಚ್ಚಿದವರು ಬಾಜೂಮನಿ ಅಜ್ಜಿ. ಎಪ್ಪತ್ತನಾಲ್ಕು ವರ್ಷ, ಒಬ್ಬರ ಇರ್ತಾರ. ನಾ ಕೆಲಸ ಬಿಟ್ಟ ಮ್ಯಾಲೆ ಮನ್ಯಾಗ ಕೂತು ಕೂತು ಮಂಕಾಗಿದ್ದೆ. "ಸುಮ್ನ ನೋಡ್ಲಿಕ್ಕೆ ಬಾ" ಅಂತ ಕರಕೊಂಡು ಹೋದ್ರು. ಹೋದಾಕಿ ಮೂರನೇ ಸಲಕ್ಕ ಪಟ್ಟಾ ಕಟ್ಟಿಕೊಂಡೆ. (ನಾ ಇಲ್ಲಿನ ನಾಗರಿಕಳಾಗಿ ಒಂಬತ್ತು ವರ್ಷ ಆತು. ವೀಸಾದ ಮ್ಯಾಲೆ ಬಂದವರಿಗೆ ಇಲ್ಲಿನ ಕಾಯ್ದೆ ಸಾಮಾನ್ಯ ಬಂದೂಕು ಇಟ್ಕೊಳ್ಳಲಿಕ್ಕೆ ಬಿಡೂದಿಲ್ಲ. ಮಗನ ಮನಿಗೆ ಅಂತ ಬಂದವರು ಯಾರೂ ಆಸೆ ಪಡಬ್ಯಾಡ್ರಿ.)

ನಮ್ಮನಿಯವರಿಗೆ ಹುರುಪು ಬಂತು. ನನ್ನ ಹುಟ್ಟಿದಹಬ್ಬಕ್ಕ ನಂಗ ಹೇಳದ ಒಂದು ಶಾಟ್‌ಗನ್ ತಂದ್ರು. ಹೊಳಪು ಏನು, ಕೆತ್ತನಿ ಏನು! ಭುಜಕ್ಕಿಟ್ಟು ಹತ್ತು ತೋಟಾ ಹಾರಿಸಿದೆ ನೋಡ್ರಿ, ಮರದಿವಸ ರಟ್ಟಿಮ್ಯಾಲೆ ಬದನಿಕಾಯಿ ಬಣ್ಣದ ಕಲಿ. ಒಂದು ವಾರ ಚಪಾತಿ ಲಟ್ಟಿಸಲಿಕ್ಕೆ ಆಗ್ಲಿಲ್ಲ. "ರೂಢಿ ಆಗ್ತದ" ಅಂದ್ರು ಅವರು. ಲಗ್ನ ಆದಾಗಿಂದ ಇದನ್ನ ಕೇಳಿಕೋತ ಬಂದೇನಿ!

ಅಜ್ಜಿ ಕಲಿ ನೋಡಿದಕೂಡಲೇ ಹೇಳಿದ್ರು, "ಇದು ನಿನ್ನ ಗಂಡನ ಅಳತಿ ಬಂದೂಕು." ಟ್ರಿಗರಿನಿಂದ ಹಿಂದಿನ ಕಟ್ಟಿಗಿ ತುದಿತನಕ ಎಷ್ಟು ಉದ್ದ ಅನ್ನೋದು ಮುಖ್ಯ ಅಂತ. ಅಂಗಡಿಯಾಗ ಸಿಗೋವು ಹೆಚ್ಚಾಗಿ ಹದಿನಾಲ್ಕು, ಹದಿನಾಲ್ಕೂವರಿ ಇಂಚು. ನಂಗ ಹನ್ನೆರಡೂವರಿ ಸಾಕು. ಉದ್ದ ಆದ್ರ ಕಟ್ಟಿಗಿ ಭುಜದ ಗುಣಿಯೊಳಗ ಕೂಡೂದಿಲ್ಲ, ಜಾರಿ ರಟ್ಟಿಗೆ ಬರ್ತದ, ಅಲ್ಲೇ ಒದೀತದ. ತೂಕದ್ದೂ ಹಂಗ. ಹಗುರ ಬಂದೂಕು ಹಿಡೀಲಿಕ್ಕೆ ಸುಖ, ಆದ್ರ ಹೆಚ್ಚು ಒದೀತದ. ಭಾರದ್ದು ಕಡಿಮಿ ಒದೀತದ, ಆದ್ರ ನಾಲ್ಕನೇ ಸುತ್ತಿಗೆ ಕೈ ಸೋಲ್ತಾವ. ಎರಡರ ನಡುವಿಂದು ಹುಡುಕಬೇಕು.

ಅವರು ಕಲಿಸಿದ ಪರೀಕ್ಷಾ ನಿಮ್ಗೂ ಹೇಳ್ತೀನಿ. ಖಾಲಿ ಬಂದೂಕನ್ನ ಮೈದಾನದ ಕಡೆ ಮಾಡಿ, ಕಣ್ಣು ಮುಚ್ಚಿ, ಆರಾಮ ಅನಸೋ ಹಂಗ ಭುಜಕ್ಕ ತಗೋ. ಗಲ್ಲ ಕಟ್ಟಿಗಿಮ್ಯಾಲೆ ಇಡು. ಈಗ ಕಣ್ಣು ತಗಿ. ನಳಿಗಿ ತುದಿಯ ಮಣಿ ನೆಟ್ಟಗ ಕಣ್ಣೆದುರು ಬಂದ್ರ ಅದು ನಿನ್ನ ಬಂದೂಕು. ಕುತಗಿ ಚಾಚಿ, ತಲಿ ಸೊಟ್ಟ ಮಾಡಿ ಹುಡುಕಬೇಕಾತಂದ್ರ ಅಲ್ಲ. ಅಂಗಡಿಯವ ಎಷ್ಟು ಛಲೋ ಅಂದ್ರೂ ಅಲ್ಲ. ಮಂದಿ ಅಳತಿ ಜಂಪರ್ ತೊಟ್ಟಂಗ. ಗುಂಡಿ ಹಾಕಬಹುದು, ಕೈ ಎತ್ತಲಿಕ್ಕೆ ಬರೂದಿಲ್ಲ.

ಮೂರು ನಮೂನಿ ಹಿಡದು ನೋಡಿದೆ. 1887ರ ಲಿವರ್ ನಮೂನಿ ನನ್ನ ಕೈಗೆ ದೊಡ್ಡದಾತು. 1897ರ ಪಂಪ್ ನಮೂನಿ ಗಂಡಸರಿಗೆಲ್ಲಾ ಭಾಳ ಪ್ರೀತಿ, ಆದ್ರ ಅದರ ಹಿಂದಿನ ಭಾಗ ಹಿಂದಕ್ಕ ಸರಿಯೋವಾಗ ನನ್ನ ಹೆಬ್ಬಟ್ಟಿಗೆ ಕಚ್ಚೇಬಿಡ್ತು. ಎರಡನ್ನೂ ಮದಲು ರೂಪಿಸಿದವ ಜಾನ್ ಬ್ರೌನಿಂಗ್, ಭಾಳ ಬುದ್ಧಿವಂತ, ಆದ್ರ ನನ್ನ ಬೆರಳು ಅವನ ಲೆಕ್ಕದಾಗ ಇರಲಿಲ್ಲ ಕಾಣ್ತದ! ಕಡೀಕ ಜೋಡನಳಿಗಿ. ನಡುವ ಮುರದು ತಗದ್ರ ಎರಡು ತೂತು ಎದುರಿಗೇ ಕಾಣ್ತಾವ. ಖಾಲಿ ಅದನೋ ತುಂಬ್ಯದನೋ, ಹತ್ತು ಹೆಜ್ಜೆ ದೂರ ನಿಂತವರಿಗೂ ಗೊತ್ತಾಗ್ತದ. ನಂಗ ಅದ ಮನಸ್ಸಿಗೆ ಬಂತು.

"ಸಣ್ಣ ಬೋರಿನದು ತಗೊಳ್ಳಲೇನು, 20 ಗೇಜು?" ಅಂದೆ. ಗೇಜು ಅಂದ್ರ ನಳಿಗಿ ಅಗಲ. ಒಂದು ಪೌಂಡು ಸೀಸದಾಗ ಹನ್ನೆರಡು ಸಮ ಗುಂಡು ಮಾಡಿದ್ರ ಒಂದು ಗುಂಡು ಹಿಡಿಯೋ ನಳಿಗಿ 12 ಗೇಜು, ಇಪ್ಪತ್ತು ಮಾಡಿದ್ರ 20. ಅಂದ್ರ ಅಂಕಿ ದೊಡ್ಡದಾದಷ್ಟು ತೂತು ಸಣ್ಣದು. ಅಜ್ಜಿ ಬ್ಯಾಡ ಅಂದ್ರು. ಅವರ ಬಂದೂಕೆಲ್ಲಾ 12. ಒಂದ ಕಡೆ ಎರಡು ಅಳತಿ ತೋಟಾ ಇರಬಾರದಂತ. 20ರ ತೋಟಾ 12ರ ನಳಿಗಿಯೊಳಗ ಜಾರಿ ನಡುವ ಸಿಕ್ಕೊಂಡು ಕೂಡ್ತದ. ಗೊತ್ತಾಗದ ಹಿಂದ 12ರದ್ದು ಹಾಕಿ ಹಾರಿಸಿದ್ರ ನಳಿಗಿ ಒಡೀತದ. ಅದಕ್ಕ 20ರ ತೋಟಾಕ್ಕ ಹಳದಿ ಬಣ್ಣ ಕೊಡ್ತಾರ, ನೋಡಿದಕೂಡಲೇ ಗುರುತು ಹತ್ತಲಿ ಅಂತ. ಒದಿಯೋದು ಕಡಿಮಿ ಆಗಬೇಕಂದ್ರ ಬಂದೂಕು ಸಣ್ಣದು ಮಾಡಬ್ಯಾಡ, ತೋಟಾ ಮೆತ್ತಂದು ತಗೋ ಅಂದ್ರು. 32 ಗ್ರಾಂ ಸೀಸದ ಕಾಳಿನ ಬದ್ಲಿ 25 ಗ್ರಾಮಿನದು. ತಗಡು ಕೆಡವಲಿಕ್ಕೆ ಅಷ್ಟು ಸಾಕು.

ಇಷ್ಟೆಲ್ಲಾ ನಡದಿತ್ತು, ಆವಾಗ ಮಗಳ ಫೋನು ಬಂತು.

ನಮ್ಮನಿಯವರು ತಂದ ಬಂದೂಕು ಹನ್ನೊಂದು ದಿವಸ ನಮ್ಮ ಮಲಗೋ ಕೋಣ್ಯಾಗಿನ ಕಪಾಟಿನ್ಯಾಗ ಇತ್ತು, ಡಬ್ಬಿಯೊಳಗ. ಅವರು ಮಾತಿನ ಭರಾಟ್ಯಾಗ ಆಕಿಗೆ ಹೇಳಿಬಿಟ್ಟಾರ. ಆಕಿ ಒಂದನೇತ್ತಾ ಮಕ್ಕಳಿಗೆ ಕಲಸ್ತಾಳ. ಒದರಲಿಲ್ಲ, ಚೀರಲಿಲ್ಲ. "ಅಮ್ಮಾ, ಸಾಲ್ಯಾಗ ಯಾರರೆ ಬಂದೂಕು ಹಿಡಕೊಂಡು ಬಂದ್ರ ಏನು ಮಾಡಬೇಕು ಅಂತ ನಾವು ತಾಲೀಮು ಮಾಡಸ್ತೀವಿ. ಬಾಗಲಾ ಹಾಕಿ, ದೀಪಾ ಆರಿಸಿ, ಇಪ್ಪತ್ತೆರಡು ಕೂಸುಗಳನ್ನ ಮೂಲ್ಯಾಗ ಕೂಡಿಸಿ ಬಾಯಿಮ್ಯಾಲೆ ಬಟ್ಟಿಟ್ಟು ತೋರಸ್ತೀನಿ. ಒಂದು ಕೂಸು ನನ್ನ ಲಂಗಾ ಹಿಡಕೊಂಡು ನಡಗ್ತಿರ್ತದ. ಅದಾದ ಮ್ಯಾಲೆ ನಾ ಅಜ್ಜಿ ಮನಿ ಅಂತ ಮಗನ್ನ ಬಂದೂಕಿರೋ ಮನಿಗೆ ಕರಕೊಂಡು ಬರ್ಲ್ಯಾ? ಬರಂಗಿಲ್ಲ. ನೀ ಆಡು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅವನು ಬರಂಗಿಲ್ಲ."

ಫೋನು ಇಟ್ಟಮ್ಯಾಲೆ ನಂಗ ಸಿಟ್ಟು ಬಂತು, ಸುಳ್ಳು ಯಾಕ ಹೇಳಲಿ. ಕೀಲಿ ಹಾಕ್ತೀನಿ, ತೋಟಾ ಬ್ಯಾರೆ ಇಡ್ತೀನಿ, ನಾ ಏನು ಹುಚ್ಚಿ ಏನು ಅಂತ. ಎರಡು ದಿವಸ ಮುಖ ಊದಿಸಿಕೊಂಡಿದ್ದೆ. ಆಮ್ಯಾಲೆ ನೆನಪಾತು, ಹನ್ನೊಂದು ದಿವಸ ಆ ಕಪಾಟಿಗೆ ಕೀಲಿ ಹಾಕಿರಲಿಲ್ಲ. ಹಾಕಬೇಕು ಅಂತ ಅಂದುಕೊಂಡಿದ್ದೆ, ಅಷ್ಟ. ಮೊಮ್ಮಗ ಬಂದಾಗೆಲ್ಲಾ ಓಡಿ ಹೋಗಿ ಅಡಗೋದು ಅದ ಕಪಾಟಿನೊಳಗ.

ಅಜ್ಜಿ ಮುಂದ ಹೇಳಿದ್ರ ಅವರು ಆಕಿ ಕಡೇನ ಆದ್ರು. "ನಿನ್ನ ಮಗಳು ಖರೇ ಹೇಳ್ತಾಳ. ನನ್ನ ಕಬ್ಬಿಣದ ಕಪಾಟಿನ್ಯಾಗ ಇಡೋಣು. ಕೀಲಿ ನನ್ನ ಹತ್ರ ಇರ್ಲಿ." ನಮ್ಮನಿಯವರ ಬಂದೂಕು ಹಾನಿಗೆ ವಾಪಸ್ ಹೋತು. ಅದರ ಬದ್ಲಿ ಅಜ್ಜಿ ತಾವು ಹೊಸದಾಗಿ ಕಲಿಯೋವಾಗ ಕೊಯ್ಸಿ ಗಿಡ್ಡ ಮಾಡಿಸಿದ್ದ ಹಳೇ ಜೋಡನಳಿಗಿ ನಂಗ ಆಡಲಿಕ್ಕೆ ಕೊಟ್ರು. ಹಿಂದ ರಬ್ಬರಿನ ಮೆತ್ತಿ ಅದ. ಕಣ್ಣು ಮುಚ್ಚಿ ಭುಜಕ್ಕ ತಗೊಂಡೆ, ತಗದೆ. ಮಣಿ ಎದುರಿಗೇ ಇತ್ತು!

ಆದ್ರ ಬಂದೂಕು ಮನ್ಯಾಗಿಲ್ಲ ಅಂದ್ರ ಅಭ್ಯಾಸ ಹ್ಯಾಂಗ? ಉಳಿದ ಮೂರು ಬಂದೂಕು ಮದಲೇ ತುಂಬಿಕೊಂಡು ನಿಲ್ತೀವಿ. ಶಾಟ್‌ಗನ್ನು ಮಾತ್ರ ಖಾಲಿ ಇಡಬೇಕು. ಟೈಮರ್ ಓಡೋವಾಗ ಸೊಂಟದ ಪಟ್ಟಾದಿಂದ ತೋಟಾ ತಗದು ತುಂಬಬೇಕು, ಒಮ್ಮೆಗೆ ಎರಡಕ್ಕಿಂತ ಹೆಚ್ಚು ಇಲ್ಲ. ಹೊಸಬರ ವ್ಯಾಳ್ಯಾ ಎಲ್ಲಾ ಹಾಳಾಗೋದು ಇಲ್ಲೇ. ನಮ್ಮನಿಯವರು ಗ್ಯಾರೇಜಿನ್ಯಾಗ ಕೂತು ಮುಕ್ಕಾಲು ಇಂಚಿನ ನೀರಿನ ಪೈಪಿಂದು ಎರಡು ತುಂಡು ಕೊಯ್ದು, ಒಂದು ಹಲಗಿಗೆ ಜೋಡಿಸಿ ಬಡದುಕೊಟ್ರು. 12 ಗೇಜಿನ ತೋಟಾ ಅದರೊಳಗ ಸರಿಯಾಗಿ ಕೂಡ್ತದ, ಹಿತ್ತಾಳಿ ಅಂಚು ಮ್ಯಾಲೆ ನಿಲ್ತದ. ತೋಟಾ ಅಂದ್ರ ಖರೇವು ಅಲ್ಲ. ಮದ್ದಿಲ್ಲ, ಸೀಸಿಲ್ಲ, ಅಭ್ಯಾಸಕ್ಕಂತ ಮಾಡಿದ ಸುಳ್ಳು ತೋಟಾ, ಎಂಟು. ಖರೇ ತೋಟಾ ನಮ್ಮ ಹೊಚ್ಚಲಾ ದಾಟೂದಿಲ್ಲ.

ಅಡಗಿಮನಿ ಕಟ್ಟಿಮ್ಯಾಲೆ ಹಲಗಿ. ಸೊಂಟಕ್ಕ ಪಟ್ಟಾ. ಒಲಿಮ್ಯಾಲೆ ಕುಕ್ಕರ್. ಸೀಟಿ ಹೊಡೀತು ಅಂದ್ರ ಅದ ನನ್ನ ಟೈಮರ್! ತೋಟಾ ಪಟ್ಟಾದಾಗ ಜೋಡಿ ಜೋಡಿ ಇರಬೇಕು. ಹೆಬ್ಬಟ್ಟು ಒಂದು ಕಡೆ, ನಡುಬಟ್ಟು ಇನ್ನೊಂದು ಕಡೆ, ತೋರುಬಟ್ಟು ಎರಡರ ಸಂದಿನಮ್ಯಾಲೆ. ಎರಡೂ ಒಮ್ಮೆಗೇ ಎಳಿ, ಒಮ್ಮೆಗೇ ಪೈಪಿನೊಳಗ ಬಿಡು. ಮದಲ ವಾರ ಎಂಟರಾಗ ಐದು ನೆಲಕ್ಕ. ನಾನು ಗಡಿಬಿಡಿ ಮಾಡ್ತಿದ್ದೆ. ಅಜ್ಜಿ ನೋಡಿ, "ಐವತ್ತು ಸಲ ಸಾವಕಾಶ ಮಾಡು. ಕೈಗೆ ದಾರಿ ಗೊತ್ತಾಗಲಿ. ಜಲ್ದಿ ತಾನ ಬರ್ತದ" ಅಂದ್ರು. ಪಟ್ಟಾ ಎರಡು ಬಟ್ಟು ಕೆಳಗ ಇಳಿಸಿದ್ರು, ಮೊಣಕೈ ಮ್ಯಾಲೆ ಏಳೂದು ನಿಂತುಹೋತು. ಶಾವಗಿ ಹೊಸಿಯೋವಾಗ ಅವ್ವ ಬೆರಳು ನೋಡ್ತಿದ್ದಳೇನು? ನಮ್ಮ ಜೋಡಿ ಮಾತಾಡಿಕೋತ ಹೊಸೀತಿದ್ದಳು. ಹಂಗ ಆಗಬೇಕು. ಒಂದು ತಿಂಗಳಿಗೆ ಬ್ಯಾಳಿ ಬೇಯೋದ್ರಾಗ ಮೂವತ್ತು ಜೋಡಿ ತುಂಬಲಿಕ್ಕೆ ಕೈ ಕೂತ್ಕೊಂಡ್ತು. ಆದ್ರ ಪೈಪಿನ ಹಲಗಿ ಒದಿಯೂದಿಲ್ಲ. ನಳಿಗಿ ಮುರದು ಹಿಂದಕ್ಕ ಝಾಡಿಸಿ ಖಾಲಿ ತೋಟಾ ಹಾರಿಸೋದು, ನಳಿಗಿ ಬಾಯಿ ಸದಾ ಗುರಿ ಕಡೇನ ಇಡೋದು, ಇವೆಲ್ಲಾ ಮೈದಾನಕ್ಕ ಹೋಗೇ ಕಲೀಬೇಕು.

ಮದಲ ಸ್ಪರ್ಧಾ ದಿವಸ ಕಡೀಕ ನಾಲ್ಕು ತಗಡು ಶಾಟ್‌ಗನ್ನಿಗೆ. ಮದಲ ಜೋಡಿ ಸರಾಗ ಹೋತು. ಎರಡನೇ ಜೋಡ್ಯಾಗ ಒಂದು ತೋಟಾ ಜಾರಿ ಬಿತ್ತು. ನಾ ಬಗ್ಗಿದೆ! ಅಡಗಿಮನ್ಯಾಗ ಚಮಚಾ ಬಿದ್ರ ಬಗ್ಗೂದ ನಮ್ಮ ರೂಢಿ. "ಬಿಡು, ಬಿಡು!" ಅಂತ ಹಿಂದಿನವರೆಲ್ಲಾ ಕೂಗಿದ್ರು. ಬಿದ್ದ ತೋಟಾ ಸತ್ತಂಗ, ಆ ಸುತ್ತು ಮುಗಿಯೋತನಕ ಎತ್ತಂಗಿಲ್ಲ. ನೆಟ್ಟಗ ನಿಂತೆ, ಪಟ್ಟಾದಿಂದ ಇನ್ನೊಂದು ತಗದೆ, ತುಂಬಿದೆ, ಹೊಡದೆ. ನಾಲ್ಕೂ ಬಿದ್ವು. ವ್ಯಾಳ್ಯಾ ಕೇಳಬ್ಯಾಡ್ರಿ, ಹಿಂದಿನಿಂದ ಎರಡನೇದಾಕಿ ಆದೆ. ಭುಜದ ಮ್ಯಾಲೆ ಮಾತ್ರ ಒಂದು ಕಲಿ ಇರಲಿಲ್ಲ. ಮನಿಗೆ ಬಂದು ತಣ್ಣೀರಾಗ ಸಾಬಣ ಹಚ್ಚಿ ಕೈಮುಖ ತೊಳಕೊಂಡು, ಅರಬಿ ಬ್ಯಾರೆ ಹಾಕಿದೆ. ಸೀಸದ ಧೂಳು ಕೂಸುಗಳಿಗೆ ಭಾಳ ಕೆಟ್ಟದ್ದು.

ದೀಪಾವಳಿಗೆ ಮಗಳು ಬಂದ್ಲು, ಮೊಮ್ಮಗನ್ನ ಕರಕೊಂಡು. ಚಪ್ಪಲಿ ಬಿಟ್ಟವಳ ಕಪಾಟು ತಗದು ನೋಡಿದ್ಲು. ಪಲ್ಲಂಗದ ಕೆಳಗ ನೋಡಿದ್ಲು. ಅಕ್ಕಿ ಡಬ್ಬೀನೂ ತಗದ್ಲು. ನಂಗ ಕರಳಿನ್ಯಾಗ ಚುರುಕ್ಕಂತು, ಆದ್ರ ಬಾಯಿ ತಗೀಲಿಲ್ಲ. ನೋಡ್ಲಿ. ಕಟ್ಟಿಮ್ಯಾಲಿನ ಹಲಗಿ ತಗದಿಡೋದು ಮರತಿದ್ದೆ. ಮೊಮ್ಮಗ ಪೈಪಿನೊಳಗ ಪೆನ್ಸಿಲ್ ಹಾಕಿ, "ಅಜ್ಜಿ, ಇದೇನು?" ಅಂದ. "ನನ್ನ ಆಟದ ಸಾಮಾನು" ಅಂದೆ. ಮಗಳು, "ಖರೇ ಹೇಳಮ್ಮಾ" ಅಂದ್ಲು. ಕೂಡಿಸಿಕೊಂಡು ಹೇಳಿದೆ. ಬಂದೂಕಿನ ಆಟ, ಬಂದೂಕು ಈ ಮನ್ಯಾಗಿಲ್ಲ, ಎಲ್ಲೇ ಕಂಡ್ರೂ ಮುಟ್ಟಬಾರದು, ಅಲ್ಲಿಂದ ಹೊರಗ ಬರಬೇಕು, ದೊಡ್ಡವರಿಗೆ ಹೇಳಬೇಕು. ಮೂರು ಸಲ ಅವನ ಬಾಯಿಲೆ ಹೇಳಿಸಿದ್ವಿ. ಆಮ್ಯಾಲೆ ಕರ್ಚಿಕಾಯಿ ತಿಂದ.

ಹೋಗೋವಾಗ ಮಗಳು ಕಾರಿನ್ಯಾಗ ಕೂತು, "ಮುಂದಿಂದು ಯಾವಾಗ?" ಅಂತ ಕೇಳಿದ್ಲು. "ಬರ್ತೀ ಏನು?" ಅಂದೆ. "ಇಲ್ಲ, ಸುಮ್ನ ಕೇಳಿದೆ" ಅಂದ್ಲು.

ಇಷ್ಟು ನೋಡ್ರಿ ನನ್ನ ಬಂದೂಕಿನ ಪುರಾಣ. ವೈನೀ, ಕುಕ್ಕರ್ ಸೀಟಿ ಹೊಡದ್ರ ನಾ ಈಗ ಬೆಚ್ಚಿ ಬೀಳೂದಿಲ್ಲ. ಕೈ ತಾನ ಸೊಂಟಕ್ಕ ಹೋಗ್ತದ, ಅಷ್ಟ.