ಯಂತ್ರಕ್ಕೆ ಸೊನ್ನೆ ತೋರಿಸುವ ಕೈ

‘ಯಂತ್ರ’ ಎಂಬ ಶಬ್ದವು ‘ಯಮ್’ ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಹಿಡಿದು ನಿಲ್ಲಿಸುವುದು, ಅಂಕೆಯಲ್ಲಿಡುವುದು ಎಂಬುದು ಅದರ ಅರ್ಥ. ಸಂಯಮ, ನಿಯಮ, ನಿಯಂತ್ರಣ ಇವೆಲ್ಲವೂ ಅದೇ ಧಾತುವಿನ ಮಕ್ಕಳು. ಇನ್ನು ಕನ್ನಡದ ‘ಅಂಕೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು: ಎಣಿಕೆಯ ಸಂಖ್ಯೆ ಎಂಬುದು ಒಂದು, ಹಿಡಿತ ಎಂಬುದು ಮತ್ತೊಂದು. ‘ಕಂಪ್ಯೂಟರ್ ನ್ಯೂಮರಿಕಲ್ ಕಂಟ್ರೋಲ್’ ಎಂದು ಆಂಗ್ಲರು ಮೂರು ಮಾತುಗಳಲ್ಲಿ ಹೇಳಿ, ಬಳಿಕ ‘ಸಿ.ಎನ್.ಸಿ.’ ಎಂದು ಕುಗ್ಗಿಸಿಕೊಂಡ ಯಂತ್ರಕ್ಕೆ ಈ ಒಂದು ಕನ್ನಡ ಮಾತು ಎರಡೂ ಅರ್ಥಗಳಲ್ಲಿ ಒಪ್ಪುತ್ತದೆ. ಅದು ಅಂಕೆಗಳಿಂದ ಅಂಕೆಯಲ್ಲಿರುವ ಯಂತ್ರ. ಆದರೆ ಎಲ್ಲ ಅಂಕೆಗಳಿಗೂ ಮೂಲವಾದ ಸೊನ್ನೆಯನ್ನು ಆ ಯಂತ್ರಕ್ಕೆ ತೋರಿಸುವವರು ಯಾರು? ಈ ಪ್ರಶ್ನೆಯನ್ನು ಕೇಳುವವರು ವಿರಳ. ಕೇಳಿದರೆ ದೊರೆಯುವ ಉತ್ತರವು ಶಾಲೆಯೊಂದರ ಹಿತಚಿಂತಕರಿಗೆ ತಕ್ಕುದಾಗಿದೆ.

ಈ ಯಂತ್ರಗಳು ಇಂದು ದೂರದ ವಸ್ತುಗಳಲ್ಲ. ಬಾಗಿಲು, ಚೌಕಟ್ಟು, ದೇವರ ಮಂಟಪಗಳನ್ನು ಮಾಡುವ ಮರದ ಕಾರ್ಖಾನೆಗಳಲ್ಲಿಯೂ ಅವು ಬಂದು ನಿಂತಿವೆ. ಕಬ್ಬಿಣದ ಗಟ್ಟಿಯಾದ ಮಂಚದಂಥ ಒಂದು ಚೌಕಟ್ಟು. ಅದರ ಮೇಲೆ ಅಡ್ಡಲಾಗಿ ಒಂದು ತೊಲೆ. ತೊಲೆಯ ಮೇಲೆ ಬಿರುಸಾಗಿ ತಿರುಗುವ ಸ್ಪಿಂಡಲ್. ಅದರ ಬಾಯಲ್ಲಿ ಕೊರೆಯುವ ಬಿಟ್. ಎಡಬಲದ ಚಲನೆಗೆ ಎಕ್ಸ್ ಎಂದೂ, ಹಿಂದುಮುಂದಿನ ಚಲನೆಗೆ ವೈ ಎಂದೂ, ಮೇಲುಕೆಳಗಿನ ಚಲನೆಗೆ ಜೆಡ್ ಎಂದೂ ಹೆಸರು. ಪಕ್ಕದಲ್ಲಿ ಒಂದು ಕಂಪ್ಯೂಟರು. ಅದರ ಪರದೆಯ ಮೇಲೆ ಈ ಮೂರು ಅಕ್ಷಗಳ ಸ್ಥಾನಗಳು ಅಂಕಿಗಳಾಗಿ ತೋರುತ್ತಿರುತ್ತವೆ. ಸಾಗವಾನಿಯ ಹಲಗೆಯಲ್ಲಿ ಕಣ್ಣೆದುರಿಗೇ ಬಳ್ಳಿಯೊಂದು ಅರಳುವುದನ್ನು ಕಂಡ ಪ್ರೇಕ್ಷಕನು, ‘ಗುಂಡಿ ಒತ್ತಿದರಾಯಿತು, ಎಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ’ ಎಂದು ಬೆರಗಾಗಿ ಹೋಗುತ್ತಾನೆ. ಗುಂಡಿ ಒತ್ತುವುದಕ್ಕೆ ಮುಂಚಿನ ಅರ್ಧ ಗಂಟೆಯನ್ನು ಆತನು ಕಂಡಿರುವುದಿಲ್ಲ.

ಈ ವಿದ್ಯೆಯ ಹುಟ್ಟನ್ನು ಅರಿತರೆ ಆ ಅರ್ಧ ಗಂಟೆಯ ಮಹತ್ವ ತಿಳಿಯುತ್ತದೆ. 1940ರ ದಶಕದಲ್ಲಿ ಅಮೆರಿಕೆಯ ಮಿಷಿಗನ್ ಪ್ರಾಂತದಲ್ಲಿ ಜಾನ್ ಪಾರ್ಸನ್ಸ್ ಎಂಬಾತನು ಹೆಲಿಕಾಪ್ಟರಿನ ತಿರುಗುರೆಕ್ಕೆಗಳನ್ನು ತಯಾರಿಸುತ್ತಿದ್ದನು. ರೆಕ್ಕೆಯ ಬಾಗು ನಿಖರವಾಗಿ ಬರಬೇಕಾದರೆ ಅದರ ಮಾದರಿಯ ಅಚ್ಚು ನಿಖರವಾಗಿರಬೇಕು. ಆತನ ಸಂಗಡಿಗನಾದ ಫ್ರಾಂಕ್ ಸ್ಟುಲೆನ್ ಎಂಬ ಎಂಜಿನಿಯರನು ಆ ಬಾಗಿನ ಮೇಲಿನ 200 ಬಿಂದುಗಳ ಸ್ಥಾನಗಳನ್ನು ಲೆಕ್ಕಹಾಕಿಸಿ ಪಟ್ಟಿ ಮಾಡಿದನು. ಬಳಿಕ ಯಂತ್ರದ ಮುಂದೆ ಮೂವರು ನಿಂತರು. ಒಬ್ಬನು ಪಟ್ಟಿಯ ಅಂಕಿಗಳನ್ನು ಗಟ್ಟಿಯಾಗಿ ಓದುವುದು. ಉಳಿದಿಬ್ಬರು ಒಂದೊಂದು ಅಕ್ಷದ ಕೈಚಕ್ರವನ್ನು ತಿರುಗಿಸಿ ಆ ಅಂಕಿಗೆ ತಂದು ನಿಲ್ಲಿಸುವುದು. ಅಲ್ಲಿ ಉಪಕರಣವನ್ನು ಕೆಳಗಿಳಿಸಿ ಕೊರೆಯುವುದು. ಮತ್ತೆ ಓದು, ಮತ್ತೆ ತಿರುಗಿಸು, ಮತ್ತೆ ಇಳಿಸು. ಅಂಕೆಗಳಿಂದ ಆಳುವ ಯಂತ್ರವು ಹುಟ್ಟಿದ್ದು ಹೀಗೆ, ಮೂವರ ಬಾಯಿ, ಕಿವಿ, ಕೈಗಳ ಹೊಂದಾಣಿಕೆಯಿಂದ. ಆ ಕೈಗಳ ಕೆಲಸವನ್ನು ವಿದ್ಯುತ್ತಿನ ಮೋಟಾರುಗಳಿಗೂ, ಓದುವವನ ಕೆಲಸವನ್ನು ತೂತು ಹೊಡೆದ ಕಾಗದದ ಪಟ್ಟಿಗೂ ವಹಿಸಿದ ಯಂತ್ರವನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1952ರಲ್ಲಿ ಜನರೆದುರು ನಡೆಸಿ ತೋರಿಸಿತು. ಯಂತ್ರಗಳನ್ನು ಮಾಡುವ ಯಂತ್ರಗಳಿಗೆಂದು ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾದುದು ಅದರ ಮರುವರ್ಷ, 1953ರಲ್ಲಿ. ಅವುಗಳ ಸಂಶೋಧನೆಗೆಂದು ಅದೇ ನಗರದಲ್ಲಿ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಆರಂಭವಾದುದು 1962ರಲ್ಲಿ. ಕನ್ನಡ ನಾಡು ಈ ಕಥೆಗೆ ಹೊರಗಿನದಲ್ಲ.

ಕಾಗದದ ಪಟ್ಟಿಯ ಕಾಲ ಹೋಯಿತು. ಈಗ ಅಂಕಿಗಳನ್ನು ಓದುವುದು ಸಾಫ್ಟ್‌ವೇರ್. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆಯೊಂದು 1990ರ ದಶಕದಲ್ಲಿ ಆರಂಭಿಸಿದ ಕೆಲಸವು ಬೆಳೆದು ‘ಲಿನಕ್ಸ್ ಸಿ.ಎನ್.ಸಿ.’ ಎಂಬ ಹೆಸರಿನಿಂದ ಯಾರು ಬೇಕಾದರೂ ಹಣ ತೆರದೆ ಬಳಸಬಹುದಾದ ತಂತ್ರಾಂಶವಾಗಿದೆ. 2009ರಲ್ಲಿ ಹುಟ್ಟಿದ ‘ಜಿ.ಆರ್.ಬಿ.ಎಲ್.’ ಎಂಬುದು ಅಂಗೈಯಗಲದ ಸರ್ಕ್ಯೂಟ್ ಹಲಗೆಯಲ್ಲಿಯೇ ಈ ಕಾರ್ಯವನ್ನು ನಡೆಸುತ್ತದೆ. ಆದರೆ ಯಾವ ತಂತ್ರಾಂಶವಾದರೂ ಸರಿಯೇ, ಕೆಲಸವನ್ನು ಎಲ್ಲಿಂದ ತೊಡಗಬೇಕೆಂಬುದನ್ನು ಮನುಷ್ಯನೇ ಅದಕ್ಕೆ ತೋರಿಸಿಕೊಡಬೇಕು.

ಇದಕ್ಕೆ ಕಾರಣವುಂಟು. ಇಂಥ ಯಂತ್ರಕ್ಕೆ ಎರಡು ಸೊನ್ನೆಗಳಿರುತ್ತವೆ. ಒಂದು ಯಂತ್ರದ ಸ್ವಂತ ಸೊನ್ನೆ. ಬೆಳಿಗ್ಗೆ ವಿದ್ಯುತ್ತು ಕೊಟ್ಟು ‘ಹೋಮ್’ ಎಂಬ ಆಜ್ಞೆಯನ್ನಿತ್ತರೆ, ಅದು ಮೆಲ್ಲನೆ ಸರಿಯುತ್ತ ಹೋಗಿ ತನ್ನ ಮೂಲೆಯಲ್ಲಿರುವ ಸ್ವಿಚ್ಚುಗಳನ್ನು ಮುಟ್ಟಿ, ತಾನೆಲ್ಲಿರುವೆನೆಂಬುದನ್ನು ತಿಳಿದುಕೊಳ್ಳುತ್ತದೆ. ಇದು ಅದರ ಆತ್ಮಪರಿಚಯ. ಎರಡನೆಯದು ಕೆಲಸದ ಸೊನ್ನೆ. ಮೇಜಿನ ಮೇಲಿಟ್ಟ ಹಲಗೆಯು ಎಲ್ಲಿಂದ ಆರಂಭವಾಗುತ್ತದೆ, ಅದರ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಎಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ಹಲಗೆಯೇ ಇಲ್ಲದಿದ್ದರೂ ಅದು ಅಷ್ಟೇ ಶ್ರದ್ಧೆಯಿಂದ ಬರಿಯ ಗಾಳಿಯನ್ನು ಕೆತ್ತುತ್ತದೆ. ಹಲಗೆಯ ಬದಲು ಹಲಗೆಯನ್ನು ಬಿಗಿದ ಕಬ್ಬಿಣದ ಹಿಡಿಕೆಯಿದ್ದರೆ ಅದನ್ನೂ ಕೆತ್ತಲು ಹೋಗುತ್ತದೆ. ಆದುದರಿಂದ ಉಪಕರಣವನ್ನು ಕೈಯಾರೆ ನಡೆಸಿಕೊಂಡು ಹೋಗಿ ಹಲಗೆಗೆ ಮುಟ್ಟಿಸಿ, ‘ಇದು ಸೊನ್ನೆ’ ಎಂದು ಹೇಳಬೇಕು. ಹೀಗೆ ನಡೆಸುವುದಕ್ಕೆ ಕೆಲಸಗಾರರು ‘ಜಾಗ್ ಮಾಡುವುದು’ ಎನ್ನುತ್ತಾರೆ.

ಜಾಗ್ ಮಾಡುವ ಸಾಧನಗಳು ಸರಳವಾದವು. ಹಲವು ತಂತ್ರಾಂಶಗಳಲ್ಲಿ ಕೀಲಿಮಣೆಯ ನಾಲ್ಕು ಬಾಣದ ಕೀಲಿಗಳು ಎಕ್ಸ್ ವೈಗಳನ್ನು ನಡೆಸಿದರೆ, ಪುಟವನ್ನು ಮೇಲೆ ಕೆಳಗೆ ಸರಿಸುವ ಕೀಲಿಗಳು ಜೆಡ್ ಅಕ್ಷವನ್ನು ಏರಿಸಿ ಇಳಿಸುತ್ತವೆ. ಕೀಲಿಯನ್ನು ಒತ್ತಿ ಹಿಡಿದಷ್ಟು ಹೊತ್ತು ನಡೆಯುವುದೊಂದು ಬಗೆ. ಒಂದು ಒತ್ತಿಗೆ ಒಂದೇ ಹೆಜ್ಜೆ ಇಡುವುದು ಮತ್ತೊಂದು ಬಗೆ. ಹೆಜ್ಜೆಯ ಉದ್ದವನ್ನು 1 ಮಿಲಿಮೀಟರ್, 0.1 ಮಿಲಿಮೀಟರ್, 0.01 ಮಿಲಿಮೀಟರ್ ಎಂದು ಆರಿಸಿಕೊಳ್ಳಬಹುದು. ದೊಡ್ಡ ಯಂತ್ರಗಳಿಗೆ ಕೈಯಲ್ಲಿ ಹಿಡಿಯುವ ಒಂದು ಚಕ್ರವಿರುತ್ತದೆ. ಒಂದು ಸುತ್ತಿಗೆ ಅದರಲ್ಲಿ 100 ಟಿಕ್‌ಗಳು. ಬೆರಳಿಗೆ ಒಂದೊಂದು ಟಿಕ್ ಕೂಡ ತಿಳಿಯುತ್ತದೆ. ದೂರವಿದ್ದಾಗ ದೊಡ್ಡ ಹೆಜ್ಜೆ, ಹತ್ತಿರ ಬಂದಂತೆ ಚಿಕ್ಕ ಹೆಜ್ಜೆ. ಇದು ಇಡೀ ವಿದ್ಯೆಯ ಮೊದಲ ಸೂತ್ರ. ದೊಡ್ಡ ಹೆಜ್ಜೆಯಲ್ಲಿಯೇ ಇರುವುದನ್ನು ಮರೆತು ಕೊನೆಯ ಒಂದು ಟಿಕ್ ತಿರುಗಿಸಿದವನ ಬಿಟ್ ಮುರಿಯುತ್ತದೆ.

ಕೊನೆಯ ಹೆಜ್ಜೆಗಳಲ್ಲಿ ನೆರವಿಗೆ ಬರುವುದು ಒಂದು ಕಾಗದದ ಚೂರು. ಬರೆಯುವ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್. ಸ್ಪಿಂಡಲನ್ನು ನಿಲ್ಲಿಸಿ, ಕಾಗದವನ್ನು ಹಲಗೆಯ ಮೇಲಿಟ್ಟು ಬೆರಳಿನಿಂದ ಹಿಂದೆ ಮುಂದೆ ಸರಿದಾಡಿಸುತ್ತ, ಬಿಟ್ಟನ್ನು ಒಂದೊಂದೇ ಹೆಜ್ಜೆ ಇಳಿಸಬೇಕು. ಕಾಗದವು ತುಸು ಹಿಡಿದಂತಾದೊಡನೆ ನಿಲ್ಲಬೇಕು. ಧಾರವಾಡ ಸೀಮೆಯ ಕಾರ್ಖಾನೆಯೊಂದನ್ನು ಊಹಿಸಿಕೊಂಡರೆ, ಅಲ್ಲಿ ಕೀಲಿಮಣೆಯ ಬಳಿ ಐ.ಟಿ.ಐ. ಮುಗಿಸಿದ ಹುಡುಗನೂ, ಕಾಗದ ಹಿಡಿದು ಹಲಗೆಯ ಬಳಿ ನಲವತ್ತು ವರ್ಷ ಉಳಿ ಹಿಡಿದ ಬಡಗಿಯೂ ನಿಂತಿರುವುದು ಸಹಜವಾದ ದೃಶ್ಯ. ಅವರ ಮಾತು ಹೀಗೆ ಸಾಗೀತು:

‘ಸಾವಕಾಶ, ತಮ್ಮಾ. ಇನ್ನ ಕಾಗದ ಆಡಾಕತ್ತೈತಿ.’

‘ಒಂದ್ ಹೆಜ್ಜಿ ಇಳಿಸೀನಿ, ಕಾಕಾ.’

‘ಈಗ ಹಿಡೀತು. ನಿಂದರಸು.’

‘ಸೊನ್ನಿ ಹಾಕ್ಲಿ?’

‘ತಡಿ. ಆ ತುದೀಗೆ ಹಲಗಿ ಎದ್ದೈತಿ ಅನಸ್ತೈತಿ. ಅಲ್ಲೂ ಒಮ್ಮಿ ಮುಟ್ಟಿಸಿ ನೋಡೋಣು.’

ಹಿರಿಯನ ಮಾತು ಸಣ್ಣದಲ್ಲ. ಮರವು ಒಣಗುತ್ತ ಸೆಡೆಯುತ್ತದೆ, ತಿರುಚಿಕೊಳ್ಳುತ್ತದೆ. ಈ ಮೂಲೆಯ ಸೊನ್ನೆಯು ಆ ಮೂಲೆಯಲ್ಲಿ ಒಂದು ಮಿಲಿಮೀಟರಿನಷ್ಟು ತಪ್ಪಿರಬಹುದು. 2 ಮಿಲಿಮೀಟರ್ ಆಳದ ಕೆತ್ತನೆಗೆ ಒಂದು ಮಿಲಿಮೀಟರ್ ಎಂದರೆ ಅರ್ಧ ಪಾಲು. ಪರದೆಯು ಅದನ್ನು ತೋರಿಸುವುದಿಲ್ಲ. ಅಂಗೈಯನ್ನು ಹಲಗೆಯ ಮೇಲೆ ಸವರಿದವನಿಗೆ ಅದು ತಿಳಿಯುತ್ತದೆ. ಹುಡುಗನಿಗೆ ಕೀಲಿ ಗೊತ್ತು, ಬಡಗಿಗೆ ಮರ ಗೊತ್ತು. ಇಬ್ಬರೂ ಸೇರಿದಾಗಲೇ ಸೊನ್ನೆ ಸರಿಯಾಗುತ್ತದೆ.

ಇದಕ್ಕೂ ಈಗ ಉಪಕರಣಗಳು ಬಂದಿವೆಯಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ದಿಟ. ಹಲಗೆಯ ಮೇಲೆ ಲೋಹದ ತಟ್ಟೆಯೊಂದನ್ನಿಟ್ಟು, ಅದಕ್ಕೂ ಬಿಟ್ಟಿಗೂ ತಂತಿ ಜೋಡಿಸಿದರೆ, ಬಿಟ್ ತಾನಾಗಿ ಇಳಿದು ತಟ್ಟೆಯನ್ನು ಮುಟ್ಟಿದ ಕ್ಷಣದಲ್ಲಿ ವಿದ್ಯುತ್ತು ಹರಿದು ನಿಲ್ಲುತ್ತದೆ. ಆದರೆ ತಟ್ಟೆಯ ದಪ್ಪವೆಷ್ಟೆಂದು ಅಳೆದು ಹೇಳುವವನು ಮನುಷ್ಯನೇ. ತಂತಿಯನ್ನು ಜೋಡಿಸಿದೆಯೋ ಇಲ್ಲವೋ ಎಂದು ನೋಡುವವನೂ ಅವನೇ. ತಂತಿ ಕಳಚಿದ್ದರೆ ಬಿಟ್ ತಟ್ಟೆಯನ್ನೊತ್ತಿ ಇಳಿಯುತ್ತಲೇ ಹೋಗುತ್ತದೆ. ಲೋಹದ ಕೆಲಸದಲ್ಲಿ ಅಂಚನ್ನು ಹುಡುಕಲು ಬಳಸುವ ದುಂಡನೆಯ ಸಲಾಕೆಯ ವ್ಯಾಸವು 10 ಮಿಲಿಮೀಟರ್ ಆಗಿದ್ದರೆ, ಅದು ಅಂಚನ್ನು ಮುಟ್ಟಿದಾಗ ಅದರ ನಡುವು ಅಂಚಿನಿಂದ 5 ಮಿಲಿಮೀಟರ್ ಆಚೆಗಿರುತ್ತದೆ. ಆ ಐದನ್ನು ಕೂಡಿಸಬೇಕೋ ಕಳೆಯಬೇಕೋ ಎಂಬುದನ್ನು ವಿಚಾರಿಸದವನ ಕೆಲಸವೆಲ್ಲವೂ ಪಕ್ಕಕ್ಕೆ ಸರಿದುಹೋಗುತ್ತದೆ. ಕೂಡುವ ಕಳೆಯುವ ಲೆಕ್ಕವನ್ನು ಮಕ್ಕಳಿಗೆ ಕಲಿಸುವ ಗುರುಗಳು ಇದನ್ನು ನೆನೆಯಬೇಕು: ಒಂದು ಚಿಹ್ನೆಯ ತಪ್ಪಿಗೆ ಇಲ್ಲಿ ಕಳೆದುಹೋಗುವುದು ಅಂಕವಲ್ಲ, ಹಲಗೆ, ಕೆಲವೊಮ್ಮೆ ಬೆರಳು.

ಸೊನ್ನೆಯನ್ನು ಒಮ್ಮೆ ತೋರಿಸಿದರೂ ಎಚ್ಚರ ಮುಗಿಯುವುದಿಲ್ಲ. ಈ ಬಗೆಯ ಚಿಕ್ಕ ಯಂತ್ರಗಳಲ್ಲಿ ಬಳಸುವ ಸ್ಟೆಪರ್ ಮೋಟಾರು ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆಗಳನ್ನು ಇಡುತ್ತದೆ. ಸುತ್ತಿಗೆ 5 ಮಿಲಿಮೀಟರ್ ಸರಿಯುವ ಸ್ಕ್ರೂ ಇದ್ದರೆ ಒಂದು ಹೆಜ್ಜೆಗೆ 0.025 ಮಿಲಿಮೀಟರ್. ಕಂಪ್ಯೂಟರು ‘ಇಷ್ಟು ಹೆಜ್ಜೆ ಇಡು’ ಎಂದು ಆಜ್ಞೆ ಮಾಡುತ್ತದೆಯೇ ಹೊರತು, ಸಾಮಾನ್ಯವಾದ ಯಂತ್ರಗಳಲ್ಲಿ ಅವನ್ನು ಮೋಟಾರು ನಿಜವಾಗಿ ಇಟ್ಟಿತೇ ಎಂದು ವಿಚಾರಿಸುವುದಿಲ್ಲ. ಗಂಟಿನ ಮರಕ್ಕೆ ಸಿಕ್ಕಿ ಮೋಟಾರು ಹತ್ತು ಹೆಜ್ಜೆ ತಪ್ಪಿದರೆ, ಪರದೆಯ ಅಂಕಿ ಒಂದು, ಉಪಕರಣವಿರುವ ಜಾಗ ಇನ್ನೊಂದು. ಪರದೆಯು ಸುಳ್ಳನ್ನು ಬೇಕೆಂದು ಹೇಳುವುದಿಲ್ಲ. ತಾನು ಆಜ್ಞೆ ಮಾಡಿದ್ದನ್ನೇ ನಡೆದುದೆಂದು ನಂಬಿಕೊಂಡಿರುತ್ತದೆ. ಆಗ ಕೆಲಸ ನಿಲ್ಲಿಸಿ, ಮತ್ತೆ ‘ಹೋಮ್’ಗೆ ಕಳುಹಿಸಿ, ಸೊನ್ನೆಯನ್ನು ಪರೀಕ್ಷಿಸುವುದೊಂದೇ ದಾರಿ. ಈ ಕಾರಣದಿಂದಲೇ ಅನುಭವಸ್ಥರು ಮೊದಲ ಸಲ ಉಪಕರಣವನ್ನು ಹಲಗೆಯಿಂದ ಮೇಲೆತ್ತಿ, ವೇಗವನ್ನು ತಗ್ಗಿಸಿ, ಇಡೀ ಕೆಲಸವನ್ನು ಗಾಳಿಯಲ್ಲಿ ನಡೆಸಿ ನೋಡುತ್ತಾರೆ. ಆಗಲೂ ಒಂದು ಕೈ ಕೆಂಪು ಗುಂಡಿಯ ಬಳಿಯೇ ಇರುತ್ತದೆ. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತೆಂಬ ಗಾದೆಯನ್ನು ಅಲ್ಲಿ ಯಾರೂ ಗೋಡೆಗೆ ಬರೆದಿಡುವುದಿಲ್ಲ; ಆ ಕೆಂಪು ಗುಂಡಿಯೇ ಗಾದೆಯಾಗಿ ನಿಂತಿರುತ್ತದೆ.

ಹಾಗೆಂದು ಯಂತ್ರವು ಉಳಿಯ ಕೆಲಸವನ್ನು ಕಸಿದುಕೊಂಡಿಲ್ಲವೆಂದರೆ ಅದು ಸತ್ಯಕ್ಕೆ ದೂರ. ಒಬ್ಬ ಕುಶಲನು ದಿನಗಟ್ಟಲೆ ಕುಳಿತು ಕೆತ್ತುತ್ತಿದ್ದ ಹೂಬಳ್ಳಿಯನ್ನು ಅದು ಕೆಲವು ಗಂಟೆಗಳಲ್ಲಿ ಕೆತ್ತುತ್ತದೆ. ನೂರನೆಯ ಹಲಗೆಯನ್ನೂ ಮೊದಲನೆಯದರಂತೆಯೇ ಕೆತ್ತುತ್ತದೆ. ಕೂಲಿ ಕಳೆದುಕೊಂಡ ಬಡಗಿಗೆ ಸೊನ್ನೆಯ ತತ್ತ್ವವನ್ನು ಬೋಧಿಸುವುದು ನ್ಯಾಯವಲ್ಲ. ಆದರೆ ಆ ಬಡಗಿಯನ್ನು ಹೊರಗಟ್ಟಿ ಯಂತ್ರವನ್ನು ಒಳತಂದ ಕಾರ್ಖಾನೆಗೂ ನಷ್ಟವುಂಟು. ಯಾವ ಮುಖವನ್ನು ಮೇಲಿಡಬೇಕು, ಎಳೆ ಯಾವ ಕಡೆಗೆ ಹರಿದಿದೆ, ಗಂಟು ಎಲ್ಲಿ ಬಿಟ್ಟನ್ನು ಹಿಡಿಯುತ್ತದೆ ಎಂಬ ಅರಿವು ಯಾವ ಕಡತದಲ್ಲಿಯೂ ಬರೆದಿಲ್ಲ. ಆತನ ಕೈ ನಡುಗಿ ಉಳಿ ಹಿಡಿಯಲಾರದಾದಾಗಲೂ, ಕಾಗದ ಹಿಡಿದದ್ದನ್ನು ಅರಿಯುವ ಬೆರಳು ಉಳಿದಿರುತ್ತದೆ. ಅದಕ್ಕೆ ಕೂಲಿ ಕೊಡುವುದು ಧರ್ಮವೂ ಹೌದು, ಲಾಭವೂ ಹೌದು.

ಶಾಲೆಗಳಿಗೆ ಇಂದು ಇಂಥ ಯಂತ್ರಗಳನ್ನು ಕೊಡುವ ದಾನಿಗಳಿದ್ದಾರೆ. ಅವರ ಔದಾರ್ಯ ದೊಡ್ಡದು. ಆದರೆ ಯಂತ್ರದ ಬೆಲೆಯನ್ನು ಲೆಕ್ಕ ಹಾಕುವಾಗ, ಮುರಿಯಲೆಂದೇ ಒಂದಷ್ಟು ಬಿಟ್‌ಗಳು, ಕೆಡಲೆಂದೇ ಒಂದಷ್ಟು ಅಗ್ಗದ ಹಲಗೆಗಳು, ಮಗುವಿನ ಪಕ್ಕದಲ್ಲಿ ನಿಂತು ‘ಸಾವಕಾಶ’ ಎನ್ನುವ ಒಬ್ಬ ಗುರು, ಈ ಮೂರನ್ನೂ ಲೆಕ್ಕಕ್ಕೆ ಸೇರಿಸಬೇಕು. ಇವಿಲ್ಲದ ಯಂತ್ರವು ಉದ್ಘಾಟನೆಯ ಮರುದಿನದಿಂದ ಬಟ್ಟೆ ಹೊದ್ದು ಮೂಲೆಯಲ್ಲಿ ನಿಲ್ಲುವ ಅಲಂಕಾರವಾದೀತು. ಕೆಟ್ಟೀತೆಂಬ ಭಯಕ್ಕೆ ಯಾರೂ ಅದನ್ನು ಮುಟ್ಟಲಾರರು. ಮುಟ್ಟದೆ ಕಲಿಯುವ ವಿದ್ಯೆ ಇದಲ್ಲ.

ಮರಳಿನ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುವ ಗುರುವು ಎಲ್ಲ ಪುಸ್ತಕಗಳನ್ನೂ ತಾನೇ ಓದಿಸುವುದಿಲ್ಲ. ಎಲ್ಲಿಂದ ತೊಡಗಬೇಕೆಂಬುದನ್ನು ತೋರಿಸಿ ಕೈ ಬಿಡುತ್ತಾನೆ. ಬಳಿಕ ಮಗು ತಾನೇ ಓಡುತ್ತದೆ. ತೊಡಗುವ ಸ್ಥಳವೇ ತಪ್ಪಿದ್ದರೆ ಓಟವು ಬಿರುಸಾದಷ್ಟೂ ಹಾನಿ ಹೆಚ್ಚು. ಅಂಕೆಗಳ ಈ ಯಂತ್ರದಲ್ಲಿಯೂ ಮುಂದಿನ ಸಾವಿರ ಚಲನೆಗಳನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಮೊದಲ ಒಂದು ಸ್ಪರ್ಶವನ್ನು ಮಾತ್ರ ಬಲ್ಲವರ ಕೈಯಿಂದ ಕಲಿಯಬೇಕು.