ಹಳೆಯ ಬೆಕ್ಕು, ಹೊಸ ಮರಿ

ಕಳೆದ ವರ್ಷದ ಮಳೆಗಾಲದಲ್ಲಿ ಚಿಕ್ಕೇರೂರಿನ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ತಬ್ಬಲಿ ಬೆಕ್ಕಿನ ಮರಿಯೊಂದು ನಡುಗುತ್ತ ಕುಳಿತಿತ್ತು. ಕರುಣೆಯ ಭರದಲ್ಲಿ ಅದನ್ನು ಮನೆಗೊಯ್ದು, 9 ವರ್ಷಗಳಿಂದ ನಮ್ಮಲ್ಲಿದ್ದ ಬೆಕ್ಕಿನ ಮುಂದೆಯೇ ಇಳಿಸಿದೆ. ಮರಿಯ ಮೂಗಿಗೆ ಗಾಯವಾಯಿತು. ಸಿಟ್ಟಿನಲ್ಲಿ ಹಳೆಯದಕ್ಕೆ ಹೊಡೆದೆ. ಅದು ಅಟ್ಟ ಸೇರಿತು.

ಬೆಕ್ಕು ತನ್ನವರನ್ನು ಗುರುತಿಸುವುದು ವಾಸನೆಯಿಂದ. ಅದರ ಬುಸುಗುಟ್ಟುವಿಕೆ ದ್ವೇಷವಲ್ಲ, ನೆಲೆ ತಪ್ಪೀತೆಂಬ ಭಯವೆಂದು ತಡವಾಗಿ ತಿಳಿಯಿತು. ಮರಿಯನ್ನು ಬೇರೆ ಕೋಣೆಯಲ್ಲಿರಿಸಿ, ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಬಳಿ ಇಟ್ಟೆವು. ಮುಚ್ಚಿದ ಬಾಗಿಲಿನ ಎರಡೂ ಬದಿಯಲ್ಲಿ ಉಣಿಸಿದೆವು. ಮೂರನೆಯ ವಾರ ಬಾಗಿಲು ತೆರೆದಾಗ ಪರಸ್ಪರ ಮೂಸಿ ಸುಮ್ಮನಾದವು.

ಮರಿಗೆ ತೋರಿದ ದಯೆಯ ಹೆಮ್ಮೆಯಲ್ಲಿ ಹಳೆಯ ಜೀವಕ್ಕೆ ಮಾಡಿದ ಹಿಂಸೆ ನನಗೆ ಕಂಡಿರಲಿಲ್ಲ. ಮರಿಯ ಗಾಯ ಮಾಸಿದೆ. ನಾನು ಕೈ ಚಾಚಿದರೆ ಹಳೆಯ ಬೆಕ್ಕು ಇಂದಿಗೂ ಹಿಂದೆ ಸರಿಯುತ್ತದೆ.